ಬರೆದ ಸರ್ವರ್ ಕೋಡನ್ನು ಹಂಚೋದು ಹೇಗೆ? ಜಿಪ್ ಫೈಲಿನಿಂದ ಡಾಕರ್‌ವರೆಗೆ ಒಂದು ಕೈಪಿಡಿ

2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಸೇತು ಆ್ಯಪಿನ ಆಂಡ್ರಾಯ್ಡ್ ಕೋಡನ್ನು ಬಹಿರಂಗ ಮಾಡಿತು. ಆಗ ತಂತ್ರಜ್ಞರು ಎತ್ತಿದ ಮೊದಲ ಪ್ರಶ್ನೆ: ಸರ್ವರ್ ಕೋಡು ಎಲ್ಲಿ? ಪ್ರಶ್ನೆ ಸರಿಯಾಗೇ ಇತ್ತು. ಫೋನಿನಲ್ಲಿರೋದು ಬರೀ ಮುಖ. ಮಾಹಿತಿ ಎಲ್ಲಿ ಸೇರುತ್ತೆ, ಎಷ್ಟು ದಿನ ಉಳಿಯುತ್ತೆ, ಯಾರ ಕೈಗೆ ಸಿಗುತ್ತೆ ಅನ್ನೋದೆಲ್ಲ ನಿರ್ಧಾರ ಆಗೋದು ಸರ್ವರಿನಲ್ಲಿ.

ಸರ್ಕಾರಕ್ಕೆ ಕೇಳುವ ಈ ಪ್ರಶ್ನೆಯನ್ನು ನಾವು ನಮಗೂ ಕೇಳಿಕೊಳ್ಳಬೇಕು. ಚಳವಳಿ, ವಿದ್ಯಾರ್ಥಿ ಸಂಘಟನೆ, ವಾರ್ಡ್ ಸಮಿತಿ ಅಂತ ಓಡಾಡುವವರಲ್ಲಿ ಕೋಡ್ ಬರೆಯೋರು ಈಗ ಬಹಳ ಜನ ಇದ್ದಾರೆ. ಆರ್‌ಟಿಐ ಅರ್ಜಿಗಳ ಪಟ್ಟಿ ಇಡೋಕೆ ಒಂದು ಪ್ರೋಗ್ರಾಂ, ನೆರೆ ಬಂದಾಗ ಸ್ವಯಂಸೇವಕರನ್ನು ಹಂಚೋಕೆ ಇನ್ನೊಂದು, ಹಾಸ್ಟೆಲ್ ದೂರುಗಳಿಗೆ ಮತ್ತೊಂದು. ಇವೆಲ್ಲ ಬಿಡುವಿನ ವೇಳೆಯಲ್ಲಿ ಹುಟ್ಟಿದವು. ಬರೆದವರಿಗೆ ಕೆಲಸ ಸಿಕ್ಕು ಊರು ಬಿಟ್ಟರೆ ಪ್ರೋಗ್ರಾಮೂ ಅವರ ಲ್ಯಾಪ್‌ಟಾಪಿನ ಜೊತೆ ಹೊರಟುಹೋಗುತ್ತೆ. ಪಕ್ಕದ ಊರಿನವರು ಅದೇ ಕೆಲಸವನ್ನು ಮತ್ತೆ ಮೊದಲಿನಿಂದ ಶುರು ಮಾಡ್ತಾರೆ.

ಇದನ್ನು ತಪ್ಪಿಸಬೇಕು ಅಂದ್ರೆ ಕೋಡನ್ನು ಇನ್ನೊಬ್ಬರು ಎತ್ತಿಕೊಂಡು ನಡೆಸುವ ಹಾಗೆ ಕಟ್ಟಿಕೊಡಬೇಕು. ಅದಕ್ಕೆ ಇರುವ ದಾರಿಗಳು, ಅವುಗಳ ಲಾಭ, ತೊಡಕು ಇಲ್ಲಿವೆ.

ಸರ್ವರ್ ಕೋಡು ಯಾಕೆ ಬೇರೆ

ನಮ್ಮ ವಾರ್ಡಿಗೆ ಅಂತ ನಾನೊಂದು ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಯಾವ ಬೀದಿಗೆ ಯಾವ ದಿನ ನಲ್ಲಿ ನೀರು ಬಂತು ಅಂತ ಜನ ಫೋನಿನಲ್ಲೇ ಗುರುತು ಹಾಕ್ತಾರೆ, ತಿಂಗಳ ಕೊನೆಗೆ ಒಂದು ಪಟ್ಟಿ ತಯಾರಾಗುತ್ತೆ. ಪೈಥಾನ್, ಫ್ಲಾಸ್ಕ್, ಎಸ್‌ಕ್ಯೂಲೈಟ್, ಅಷ್ಟೇ. ನಾನು ಬರೆದ ಸಾಲುಗಳು ಐನೂರೂ ದಾಟೋದಿಲ್ಲ.

ಆದರೆ ಅದು ಓಡೋಕೆ ಬೇಕಾದದ್ದನ್ನು ಪಟ್ಟಿ ಮಾಡಿ ನೋಡಿ. ಪೈಥಾನಿನ ಇಂಥದ್ದೇ ಆವೃತ್ತಿ ಬೇಕು. ಹತ್ತಾರು ಲೈಬ್ರರಿಗಳು ಬೇಕು. ಟೇಬಲ್‌ಗಳು ಮೊದಲೇ ತಯಾರಾಗಿರುವ ಡೇಟಾಬೇಸ್ ಬೇಕು. ಎಸ್‌ಎಂಎಸ್ ಕಳಿಸೋಕೆ ಒಂದು ಕೀ, ತಿಂಗಳ ಪಟ್ಟಿ ತಯಾರಿಸೋಕೆ ಕ್ರಾನ್, ಹೊರಗಿನಿಂದ ಬರುವವರನ್ನು ಒಳಗೆ ಬಿಡೋಕೆ ಎಂಜಿನ್‌ಎಕ್ಸ್. ಆಟದ ಪ್ರೋಗ್ರಾಮನ್ನಾದ್ರೆ ಒಂದು ಫೈಲಾಗಿ ಕೊಟ್ಟುಬಿಡಬಹುದು. ಸರ್ವರ್ ಪ್ರೋಗ್ರಾಂ ಹಾಗಲ್ಲ, ಅದು ಒಂದು ಸಂಸಾರ. ನನ್ನ ಯಂತ್ರದಲ್ಲಿ ಇದೆಲ್ಲ ವರ್ಷಗಟ್ಟಲೆ ಒಂದೊಂದಾಗಿ ಸೇರಿಕೊಂಡಿರುತ್ತೆ, ಹಾಗಾಗಿ ಕಣ್ಣಿಗೇ ಬೀಳೋದಿಲ್ಲ. ಕಣ್ಣಿಗೆ ಬೀಳದ ಈ ಭಾಗವನ್ನು ಕೋಡಿನ ಜೊತೆ ಕಳಿಸೋದನ್ನೇ ಪ್ಯಾಕೇಜಿಂಗ್ ಅನ್ನೋದು.

ಮೊದಲು ಲೈಸೆನ್ಸ್, ಆಮೇಲೆ ಮಿಕ್ಕಿದ್ದು

ಬಹಳಷ್ಟು ಜನ ಕೋಡನ್ನು ಅಂತರ್ಜಾಲಕ್ಕೆ ಹಾಕಿ ‘ಯಾರು ಬೇಕಾದ್ರೂ ಬಳಸಿ’ ಅಂದುಕೊಂಡು ಸುಮ್ಮನಾಗ್ತಾರೆ. ಕಾನೂನು ಹಾಗೆ ನೋಡೋದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಸಾಹಿತ್ಯ ಕೃತಿ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ಅದು ನಿಮ್ಮ ಜೀವಮಾನ ಪೂರ್ತಿ ಮತ್ತು ನಂತರದ 60 ವರ್ಷ ಇರುತ್ತೆ. ಅಂದ್ರೆ ಲೈಸೆನ್ಸ್ ಇಲ್ಲದ ಕೋಡನ್ನು ಕಣ್ಣಲ್ಲಿ ನೋಡಬಹುದೇ ಹೊರತು, ಬದಲಿಸಿ ಹಂಚೋ ಅನುಮತಿ ಯಾರಿಗೂ ಇರೋದಿಲ್ಲ. ಒಂದು ಲೈಸೆನ್ಸ್ ಫೈಲು ಸೇರಿಸಿದರೆ ಆ ಬೀಗ ತೆಗೆದ ಹಾಗೆ.

ಹವ್ಯಾಸಿಗಳಿಗೆ ಮೂರು ಆಯ್ಕೆ ಸಾಕು. ಎಂಐಟಿ ಲೈಸೆನ್ಸ್: ಹೆಸರು ಉಳಿಸಿಕೊಂಡು ಏನು ಬೇಕಾದ್ರೂ ಮಾಡಿಕೊಳ್ಳಿ. ಜಿಪಿಎಲ್: ಬದಲಿಸಿ ಬೇರೆಯವರಿಗೆ ಕೊಟ್ಟರೆ ಬದಲಿಸಿದ ಕೋಡನ್ನೂ ಕೊಡಿ. ಆದರೆ ಸರ್ವರ್ ಪ್ರೋಗ್ರಾಮಿನಲ್ಲಿ ಜಿಪಿಎಲ್‌ಗೆ ಒಂದು ಸಂದು ಇದೆ. ಒಂದು ಕಂಪನಿ ನಿಮ್ಮ ಕೋಡನ್ನು ತಿದ್ದಿ ತನ್ನ ಸರ್ವರಿನಲ್ಲೇ ಓಡಿಸಿದರೆ ಅದು ಯಾರಿಗೂ ‘ಕೊಟ್ಟ’ ಹಾಗೆ ಆಗೋದಿಲ್ಲ. ಜನ ಬಳಸ್ತಾರೆ, ಕೋಡು ಮಾತ್ರ ಒಳಗೇ ಉಳಿಯುತ್ತೆ. ಈ ಸಂದನ್ನು ಮುಚ್ಚೋಕೆ ಇರೋದು ಎಜಿಪಿಎಲ್. ಅದರ ಈಗಿನ ಮೂರನೇ ಆವೃತ್ತಿ ಬಂದಿದ್ದು 2007ರಲ್ಲಿ. ನೆಟ್‌ವರ್ಕ್ ಮೂಲಕ ಬಳಸುವವರಿಗೂ ತಿದ್ದಿದ ಕೋಡು ಸಿಗಬೇಕು ಅನ್ನುತ್ತೆ ಅದು.

ಇದೆಲ್ಲ ಕಾಗದದ ಮೇಲಿನ ಮಾತಷ್ಟೇ ಅಲ್ಲ. 2021ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್ ಕಂಪನಿಯ ‘ಟ್ರೂತ್ ಸೋಶಿಯಲ್’ ಘೋಷಣೆಯಾದಾಗ, ಅದು ಮ್ಯಾಸ್ಟೊಡಾನ್ ಕೋಡಿನ ಮೇಲೆ ನಿಂತಿದೆ ಅಂತ ಜನ ಕೂಡಲೇ ಗುರುತಿಸಿದರು. ಮ್ಯಾಸ್ಟೊಡಾನ್ ಇರೋದು ಎಜಿಪಿಎಲ್ ಅಡಿ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಮೂವತ್ತು ದಿನದ ಗಡುವಿನ ಮಾತೆತ್ತಿತು, ಮ್ಯಾಸ್ಟೊಡಾನ್ ಕಡೆಯಿಂದ ಪತ್ರ ಹೋಯ್ತು. ನವೆಂಬರಿನಲ್ಲಿ ಆ ಕಂಪನಿ ಸದ್ದಿಲ್ಲದೆ ಕೋಡಿನ ಜಿಪ್ ಫೈಲನ್ನು ತನ್ನ ಜಾಲತಾಣದಲ್ಲಿ ಇಟ್ಟಿತು. ಒಂದು ಪಠ್ಯ ಫೈಲಿಗೆ ಇಷ್ಟು ಬಲ ಇದೆ.

ಲೈಸೆನ್ಸ್ ಇದ್ದರೆ ಪ್ರೋಗ್ರಾಮಿಗೆ ಆಯಸ್ಸೂ ಜಾಸ್ತಿ. ಬಿ2 ಅನ್ನೋ ಬ್ಲಾಗ್ ಪ್ರೋಗ್ರಾಮಿನ ಕೆಲಸವನ್ನು ಅದರ ಲೇಖಕರು ಅರ್ಧಕ್ಕೇ ನಿಲ್ಲಿಸಿದ್ದರು. ಅದು ಜಿಪಿಎಲ್‌ನಲ್ಲಿತ್ತು. ಹಾಗಾಗಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಯಾರ ಅಪ್ಪಣೆಗೂ ಕಾಯದೆ ಅದನ್ನು ಮುಂದುವರಿಸಿದರು. 2003ರಲ್ಲಿ ಹೊರಬಂದ ಅದರ ಹೆಸರು ವರ್ಡ್‌ಪ್ರೆಸ್.

ನನ್ನ ನೀರಿನ ಪ್ರೋಗ್ರಾಮಿಗೆ ನಾನು ಹಾಕಿರೋದು ಎಜಿಪಿಎಲ್. ಸಾರ್ವಜನಿಕ ಲೆಕ್ಕಾಚಾರಕ್ಕೆ ಬಳಸೋ ಸರ್ವರ್ ಕೋಡಿಗೆ ಅದೇ ಸೂಕ್ತ ಅನ್ನೋದು ನನ್ನ ನಿಲುವು. ಯಾರು ಬೇಕಾದ್ರೂ, ಕಂಪನಿಗಳೂ ಸೇರಿ, ತಮ್ಮ ಕೆಲಸದಲ್ಲಿ ಸೇರಿಸಿಕೊಳ್ಳಲಿ ಅಂತ ಬರೆದ ಸಣ್ಣ ಲೈಬ್ರರಿಗೆ ಎಂಐಟಿ ಸಾಕು.

ಹಂಚುವ ಐದು ದಾರಿಗಳು

*1. ಜಿಪ್ ಫೈಲು.* ಎಲ್ಲಕ್ಕಿಂತ ಹಳೇ ದಾರಿ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕೆ ಬರೆದುಕೊಂಡ ಉಪಕರಣಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು, ಪಿಎಚ್‌ಪಿ ಹುಟ್ಟಿದ್ದು ಹಾಗೆ. ಅದೇ ಕಾಲದಲ್ಲಿ ಮ್ಯಾಟ್ ರೈಟ್ ಅನ್ನುವ ಹುಡುಗ ತನ್ನ ಪರ್ಲ್ ಸ್ಕ್ರಿಪ್ಟುಗಳನ್ನು ‘ಮ್ಯಾಟ್ಸ್ ಸ್ಕ್ರಿಪ್ಟ್ ಆರ್ಕೈವ್’ನಲ್ಲಿ ಇಟ್ಟ. ಅದರಲ್ಲಿದ್ದ ‘ಫಾರ್ಮ್‌ಮೇಲ್’ ಲೆಕ್ಕವಿಲ್ಲದಷ್ಟು ತಾಣಗಳಿಗೆ ಹೋಯ್ತು. ಅದರಲ್ಲಿದ್ದ ದೋಷವೂ ಜೊತೆಗೇ ಹೋಯ್ತು, ಸ್ಪ್ಯಾಂ ಕಳಿಸೋರಿಗೆ ಹಬ್ಬ ಆಯ್ತು. ಕೊನೆಗೆ ಪರ್ಲ್ ಬಲ್ಲವರ ಒಂದು ಗುಂಪು ಅದೇ ಸ್ಕ್ರಿಪ್ಟುಗಳನ್ನು ಸುರಕ್ಷಿತವಾಗಿ ಮತ್ತೆ ಬರೆಯಬೇಕಾಯ್ತು. ಜಿಪ್‌ನ ತೊಂದರೆ ಇರೋದೇ ಇಲ್ಲಿ. ಒಮ್ಮೆ ಕೈಬಿಟ್ಟರೆ ಯಾರ ಹತ್ತಿರ ಯಾವ ಪ್ರತಿ ಇದೆ ಅಂತ ಗೊತ್ತಾಗೋದಿಲ್ಲ, ರಿಪೇರಿ ಕಳಿಸೋಕೆ ದಾರಿ ಇರೋದಿಲ್ಲ. ಹಾಗಂತ ಪೂರ್ತಿ ಬಿಡಬೇಕಿಲ್ಲ. ಅಗ್ಗದ ಶೇರ್ಡ್ ಹೋಸ್ಟಿಂಗ್ ಇಟ್ಟುಕೊಂಡ ಪುಟ್ಟ ಸಂಘಕ್ಕೆ ಪಿಎಚ್‌ಪಿ ಪ್ರೋಗ್ರಾಂ ಕೊಡೋದಾದ್ರೆ ಜಿಪ್ ಈಗಲೂ ಸಲೀಸು: ಬಿಚ್ಚಿ, ಅಪ್‌ಲೋಡ್ ಮಾಡಿ, ಮುಗೀತು. ಫೈಲಿನ ಹೆಸರಲ್ಲೇ ಆವೃತ್ತಿ ಸಂಖ್ಯೆ ಇರಲಿ.

*2. ಗಿಟ್ ರೆಪೊ.* ಇವತ್ತಿನ ಸಾಮಾನ್ಯ ದಾರಿ ಇದು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದು ಬರೆದ ಗಿಟ್, ಪ್ರತಿ ಬದಲಾವಣೆಯ ಚರಿತ್ರೆಯನ್ನೂ ಇಡುತ್ತೆ. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಅನ್ನೋದು ಬಯಲಿನಲ್ಲಿರುತ್ತೆ, ತಗೊಂಡವರು ತಿದ್ದಿ ವಾಪಸ್ ಕಳಿಸಬಹುದು. ಆದರೆ ರೆಪೊ ಅಂದ್ರೆ ಬರೀ ಕೋಡು. ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಅನ್ನೋದನ್ನು ನೀವೇ ಬರೆದಿಡಬೇಕು. ಪೈಥಾನಿನಲ್ಲಿ ರಿಕ್ವೈರ್‌ಮೆಂಟ್ಸ್ ಫೈಲು, ನೋಡ್‌ನಲ್ಲಿ ಪ್ಯಾಕೇಜ್ ಲಾಕ್, ಪಿಎಚ್‌ಪಿಯಲ್ಲಿ ಕಂಪೋಸರ್ ಲಾಕ್. ಬರೀ ಹೆಸರು ಸಾಲದು, ಸಂಖ್ಯೆಯೂ ಬೇಕು. ಸಂಖ್ಯೆ ಬರೆಯದಿದ್ದರೆ ಮುಂದಿನ ವರ್ಷ ಇಳಿಸಿಕೊಂಡವರಿಗೆ ಹೊಸ ಲೈಬ್ರರಿ ಬಂದು ಪ್ರೋಗ್ರಾಂ ಮುರಿದು ಬೀಳುತ್ತೆ.

*3. ಪ್ಯಾಕೇಜ್ ಭಂಡಾರ.* ಪೈಥಾನಿಗೆ ಪೈಪಿಐ, ನೋಡ್‌ಗೆ ಎನ್‌ಪಿಎಂ, ಪಿಎಚ್‌ಪಿಗೆ ಪ್ಯಾಕಜಿಸ್ಟ್. ಒಂದೇ ಸಾಲಿನ ಆದೇಶದಲ್ಲಿ ನಿಮ್ಮ ಕೋಡು ಇನ್ನೊಬ್ಬರ ಯಂತ್ರಕ್ಕೆ ಬರುತ್ತೆ, ಬೇಕಾದ ಲೈಬ್ರರಿಗಳೂ ಜೊತೆಗೇ ಬರ್ತವೆ. ಇಡೀ ಪ್ರೋಗ್ರಾಮಿಗಿಂತ ಬೇರೆಯವರ ಪ್ರೋಗ್ರಾಮಿನಲ್ಲಿ ಸೇರೋ ತುಣುಕಿಗೆ ಈ ದಾರಿ ಹೊಂದುತ್ತೆ. ನನ್ನ ಕೆಲಸದಲ್ಲಿ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿ ಬದಲಿಸುವ ಭಾಗ ಅಂಥದ್ದು. ಆದರೆ ಇಲ್ಲಿಗೆ ಬಂದ ಮೇಲೆ ಜವಾಬ್ದಾರಿಯೂ ಬರುತ್ತೆ. 2016ರ ಮಾರ್ಚಿನಲ್ಲಿ ಒಬ್ಬ ಡೆವಲಪರ್ ಎನ್‌ಪಿಎಂ ಜೊತೆ ಜಗಳವಾಗಿ ತನ್ನ ಪ್ಯಾಕೇಜುಗಳನ್ನೆಲ್ಲ ವಾಪಸ್ ತಗೊಂಡ. ಅದರಲ್ಲಿ ‘ಲೆಫ್ಟ್‌ಪ್ಯಾಡ್’ ಅನ್ನೋದೂ ಒಂದು, ಬರೀ ಹನ್ನೊಂದು ಸಾಲಿನದು. ಅದರ ಮೇಲೆ ನಿಂತಿದ್ದ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ಆ ದಿನ ಕೆಟ್ಟು ನಿಂತಿತು. ಎನ್‌ಪಿಎಂ ತಾನೇ ಅದನ್ನು ವಾಪಸ್ ತಂದು ಹಾಕಿತು.

*4. ಡಾಕರ್.* 2013ರಲ್ಲಿ ಬಂದ ಡಾಕರ್ ಆ ಇಡೀ ಸಂಸಾರವನ್ನೇ ಗಂಟು ಕಟ್ಟುತ್ತೆ. ಭಾಷೆ, ಲೈಬ್ರರಿ, ಫಾಂಟು, ಸೆಟ್ಟಿಂಗ್ ಎಲ್ಲ ಒಂದು ಇಮೇಜ್ ಒಳಗೆ. ತಗೊಂಡವರ ಯಂತ್ರದಲ್ಲಿ ಡಾಕರ್ ಒಂದಿದ್ದರೆ ಸಾಕು. ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಲ್ಲ’ ಅನ್ನೋ ಹಳೇ ವಾದಕ್ಕೆ ಇದೇ ಉತ್ತರ. ಪ್ರೋಗ್ರಾಂ ಮತ್ತು ಡೇಟಾಬೇಸ್ ಬೇರೆ ಬೇರೆ ಇದ್ದರೆ ಕಂಪೋಸ್ ಫೈಲಿನಲ್ಲಿ ಎರಡನ್ನೂ ಜೋಡಿಸಬಹುದು.

ಎಚ್ಚರ ಬೇಕಾದ ಜಾಗ ಮೂರು. ಮೊದಲನೇದು ಡೇಟಾ. ಡೇಟಾಬೇಸನ್ನು ವಾಲ್ಯೂಮ್ ಅಂತ ಹೊರಗೆ ಇಡದಿದ್ದರೆ ಕಂಟೇನರ್ ತೆಗೆದುಹಾಕಿದ ದಿನ ಎಲ್ಲ ದಾಖಲೆಯೂ ಹೋಗುತ್ತೆ. ಎರಡನೇದು ಚಿಪ್ಪು. ಆ್ಯಪಲ್‌ನ ಎಂ ಸರಣಿ ಚಿಪ್ ಇರುವ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ ಮಾಮೂಲಿ ಇಂಟೆಲ್ ಸರ್ವರಿನಲ್ಲಿ ಹಾಗೇ ಓಡೋದಿಲ್ಲ, ಎರಡಕ್ಕೂ ಕಟ್ಟಬೇಕು. ಮೂರನೇದು ಗಾತ್ರ. ಪೈಥಾನಿನ ಪೂರ್ತಿ ಇಮೇಜ್ ಬಿಚ್ಚಿದ ಮೇಲೆ ಒಂದು ಜಿಬಿ ಹತ್ತಿರ ಹೋಗುತ್ತೆ. ಹಳ್ಳಿಯಲ್ಲಿ ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳೋರನ್ನು ನೆನೆದು ‘ಸ್ಲಿಮ್’ ಇಮೇಜ್ ಬಳಸಿ.

*5. ನೀವೇ ನಡೆಸಿಕೊಡೋದು.* ಕೋಡು ಕೊಡೋ ಬದಲು ಒಂದು ವಿಳಾಸ ಕೊಡೋದು. ಬಳಸುವವರಿಗೆ ಇದರಷ್ಟು ಸುಲಭ ಯಾವುದೂ ಇಲ್ಲ, ಬರೆದವರಿಗೆ ಇದರಷ್ಟು ಭಾರ ಯಾವುದೂ ಇಲ್ಲ. ಹವ್ಯಾಸಿಗಳ ನೆಚ್ಚಿನ ತಾಣವಾಗಿದ್ದ ಹೆರೋಕು 2022ರ ನವೆಂಬರಿನಲ್ಲಿ ಉಚಿತ ಸೇವೆ ನಿಲ್ಲಿಸಿತು, ಅದನ್ನೇ ನೆಚ್ಚಿದ್ದ ಪುಟ್ಟ ಪ್ರೋಗ್ರಾಮುಗಳು ಬೀದಿಗೆ ಬಿದ್ದವು. ಹಾಗಾಗಿ ನಡೆಸಿಕೊಡೋದಾದ್ರೂ ಕೋಡನ್ನು, ಡೇಟಾವನ್ನು ತೆರೆದಿಡಿ. ಕೋವಿಡ್ ಕಾಲದಲ್ಲಿ ಸ್ವಯಂಸೇವಕರು ಕಟ್ಟಿದ ‘ಕೋವಿಡ್19ಇಂಡಿಯಾ’ ತಾಣ 2021ರ ಅಕ್ಟೋಬರ್ 31ಕ್ಕೆ ಕೆಲಸ ನಿಲ್ಲಿಸಿತು, ಆ ತಾರೀಖನ್ನು ಮೊದಲೇ ಹೇಳಿತ್ತು. ಕೋಡೂ ಡೇಟಾವೂ ಬಹಿರಂಗವಾಗಿದ್ದರಿಂದ ಬೇರೆಯವರು ಅಲ್ಲಿಂದ ಮುಂದೆ ನಡೆಸೋಕೆ ಆಯ್ತು.

ಕೋಡು ಹೋಗಲಿ, ಗುಟ್ಟು ಹೋಗೋದು ಬೇಡ

ಸರ್ವರ್ ಕೋಡು ಹಂಚುವಾಗ ನಿಜವಾದ ಅಪಾಯ ಇರೋದು ಇಲ್ಲಿ. ಡೇಟಾಬೇಸ್ ಪಾಸ್‌ವರ್ಡು, ಎಸ್‌ಎಂಎಸ್ ಕೀ, ಟೆಲಿಗ್ರಾಂ ಬಾಟ್‌ನ ಟೋಕನ್ ಇವ್ಯಾವೂ ಕೋಡಿನ ಒಳಗೆ ಇರಬಾರದು. ಅವು ‘ಎನ್ವ್’ ಫೈಲಿನಲ್ಲಿರಲಿ, ಆ ಫೈಲನ್ನು ಗಿಟ್ ಮುಟ್ಟದ ಹಾಗೆ ಗಿಟ್‌ಇಗ್ನೋರ್‌ಗೆ ಸೇರಿಸಿ. ಬೆಲೆಗಳಿಲ್ಲದ, ಬರೀ ಹೆಸರುಗಳಿರುವ ಮಾದರಿ ಫೈಲನ್ನು ಮಾತ್ರ ರೆಪೊದಲ್ಲಿಡಿ.

ಒಂದು ಮಾತು ನೆನಪಿರಲಿ: ಗಿಟ್ ಏನನ್ನೂ ಮರೆಯೋದಿಲ್ಲ. ಪಾಸ್‌ವರ್ಡನ್ನು ಇವತ್ತಿನ ಫೈಲಿನಿಂದ ಅಳಿಸಿದರೂ ನಿನ್ನೆಯ ಕಮಿಟ್‌ನಲ್ಲಿ ಇದ್ದೇ ಇರುತ್ತೆ. ಇಂಥ ಕೀಗಳಿಗಾಗಿ ಸಾರ್ವಜನಿಕ ರೆಪೊಗಳನ್ನು ಹಗಲು ರಾತ್ರಿ ಜಾಲಾಡುವ ಬಾಟ್‌ಗಳಿವೆ. ಹೊರಗೆ ಹೋದ ಕೀಗೆ ಇರುವ ಮದ್ದು ಒಂದೇ: ರದ್ದು ಮಾಡಿ, ಹೊಸದು ಮಾಡಿಸಿ.

ಕೀಗಿಂತ ದೊಡ್ಡ ಗುಟ್ಟು ಜನರ ಮಾಹಿತಿ. ಪರೀಕ್ಷೆಗೆ ಅಂತ ಇಟ್ಟುಕೊಂಡ ಡೇಟಾಬೇಸಿನಲ್ಲಿ ನಿಜವಾದ ಹೆಸರು, ಫೋನ್ ನಂಬರು, ಮನೆ ವಿಳಾಸ ಇರುತ್ತೆ. ನೀರು ಬಂದಿಲ್ಲ ಅಂತ ದೂರು ಕೊಟ್ಟವರ ಪಟ್ಟಿ ವಾರ್ಡಿನ ಪುಢಾರಿ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಪ್ರತಿಭಟನೆಗೆ ಬಂದವರ ಪಟ್ಟಿಯಾದ್ರೆ ಇನ್ನೂ ಕಷ್ಟ. ಕೋಡಿನ ಜೊತೆ ಯಾವತ್ತೂ ಕಟ್ಟುಕಥೆಯ ಡೇಟಾ ಕಳಿಸಿ. ನನ್ನ ಪ್ರೋಗ್ರಾಮಿನ ಜೊತೆ ಹೋಗೋದು ‘ಒಂದನೇ ಬೀದಿ, ಎರಡನೇ ಬೀದಿ’ ಅನ್ನೋ ಇಪ್ಪತ್ತು ಸಾಲಿನ ಮಾದರಿ ಅಷ್ಟೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಅನ್ನೋ ಕಾರಣಕ್ಕಲ್ಲ, ನಂಬಿ ಮಾಹಿತಿ ಕೊಟ್ಟವರು ನಮ್ಮ ಅಕ್ಕಪಕ್ಕದವರು ಅನ್ನೋ ಕಾರಣಕ್ಕೆ.

ಕನ್ನಡಕ್ಕೇ ಇರುವ ತೊಡಕು

ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗೋದು ಕಷ್ಟ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೈಎಸ್‌ಕ್ಯೂಎಲ್‌ನ 8.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ನೀವು ಏನೂ ಹೇಳದಿದ್ದರೆ ಅಕ್ಷರಗಳ ಸೆಟ್ ಲ್ಯಾಟಿನ್1 ಆಗಿರುತ್ತೆ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತೆ. ಟೇಬಲ್ ಮಾಡುವಾಗಲೇ ಯುಟಿಎಫ್8ಎಂಬಿ4 ಅಂತ ಬರೆಯಿರಿ. ಬರೀ ಕನ್ನಡಕ್ಕೆ ಮೂರು ಬೈಟಿನ ಹಳೇ ಯುಟಿಎಫ್8 ಸಾಕು, ಆದರೆ ಜನ ಇಮೋಜಿ ಹಾಕ್ತಾರೆ, ಅದಕ್ಕೆ ನಾಲ್ಕು ಬೈಟ್ ಬೇಕು.

ಡಾಕರ್‌ನ ಸ್ಲಿಮ್ ಇಮೇಜಿನಲ್ಲಿ ಕನ್ನಡ ಫಾಂಟ್ ಇರೋದಿಲ್ಲ. ವರದಿಯನ್ನು ಪಿಡಿಎಫ್ ಮಾಡಿದರೆ ಬರೀ ಚೌಕಗಳು ಬರ್ತವೆ. ಲೋಹಿತ್ ಕನ್ನಡ ಅಥವಾ ನೋಟೋ ಕನ್ನಡವನ್ನು ಡಾಕರ್‌ಫೈಲಿನಲ್ಲೇ ಸೇರಿಸಿ. ಎರಡೂ ಮುಕ್ತ ಲೈಸೆನ್ಸಿನ ಫಾಂಟುಗಳು, ಜೊತೆಗೆ ಹಂಚೋಕೆ ಅಡ್ಡಿಯಿಲ್ಲ. ಫಾಂಟ್ ಇದ್ದರೂ ಕೆಲವು ಪಿಡಿಎಫ್ ಲೈಬ್ರರಿಗಳು ಒತ್ತಕ್ಷರ ಜೋಡಿಸೋದಿಲ್ಲ, ‘ಕ್ಷ’ ಒಡೆದು ನಿಲ್ಲುತ್ತೆ. ಪ್ಯಾಂಗೋ ಬಳಸುವ ವೀಸಿಪ್ರಿಂಟ್‌ನಂಥದ್ದು ಸರಿಯಾಗಿ ಜೋಡಿಸುತ್ತೆ.

ಸಮಯದ ವಿಷಯಾನೂ ಅಷ್ಟೇ. ಬಾಡಿಗೆ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ನಾಲ್ಕಕ್ಕೆ ಬಂದ ನೀರು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತೆ. ಏಷ್ಯಾ/ಕೋಲ್ಕತಾ ಅನ್ನೋ ಟೈಮ್‌ಜೋನನ್ನು ಸೆಟ್ಟಿಂಗಿನಲ್ಲೇ ಬರೆದು ಕಳಿಸಿ.

ರೀಡ್‌ಮಿ: ಕನ್ನಡದಲ್ಲೂ ಇರಲಿ

ರೀಡ್‌ಮಿ ಫೈಲಿನಲ್ಲಿ ಐದು ವಿಷಯ ಇದ್ದರೆ ಸಾಕು. ಈ ಪ್ರೋಗ್ರಾಂ ಏನು ಮಾಡುತ್ತೆ, ಏನು ಮಾಡೋದಿಲ್ಲ. ಓಡಿಸೋಕೆ ಏನೇನು ಬೇಕು. ಹೊಸ ಯಂತ್ರದಲ್ಲಿ ಮೊದಲಿನಿಂದ ಕೊನೆವರೆಗೆ ಹಾಕಬೇಕಾದ ಆದೇಶಗಳು. ಬ್ಯಾಕಪ್ ತೆಗೆಯೋದು ಹೇಗೆ. ಲೈಸೆನ್ಸ್ ಯಾವುದು. ಒಂದು ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೇದು.

ಇಂಗ್ಲಿಷಿನಲ್ಲಿ ಬರೀರಿ, ಬೇಡ ಅನ್ನೋದಿಲ್ಲ. ಆದರೆ ತಾಲ್ಲೂಕು ಕೇಂದ್ರದ ಡಿಪ್ಲೊಮಾ ಹುಡುಗಿಯೊಬ್ಬಳು ಇದನ್ನು ನಡೆಸಬೇಕು ಅಂತ ನಿಮಗೆ ಆಸೆ ಇದ್ದರೆ ಕನ್ನಡದ ರೀಡ್‌ಮಿಯೂ ಇರಲೇಬೇಕು. ಬರೆದ ಮೇಲೆ ಪರೀಕ್ಷಿಸೋದು ಹೇಗೆ? ಪ್ರೋಗ್ರಾಮನ್ನು ನೋಡದೇ ಇರುವ ಗೆಳೆಯರೊಬ್ಬರನ್ನು ಕೂರಿಸಿ, ರೀಡ್‌ಮಿ ಮಾತ್ರ ಕೊಡಿ, ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಲ್ತಾರೋ ಅಲ್ಲಿ ಒಂದು ಸಾಲು ಕಡಿಮೆ ಇದೆ ಅಂತ ಅರ್ಥ.

ಎಲ್ಲಿ ಇಡೋದು?

ಬಹುತೇಕರು ಇಡೋದು ಗಿಟ್‌ಹಬ್‌ನಲ್ಲಿ. ಜನ ಇರೋದೂ ಅಲ್ಲೇ, ಹಾಗಾಗಿ ತಪ್ಪೇನಿಲ್ಲ. ಆದರೆ ಅದು 2018ರಿಂದ ಮೈಕ್ರೋಸಾಫ್ಟ್‌ನ ಆಸ್ತಿ. 2014ರ ಡಿಸೆಂಬರಿನಲ್ಲಿ ಭಾರತ ಸರ್ಕಾರದ ಆದೇಶದಿಂದ 32 ತಾಣಗಳು ಬಂದ್ ಆದಾಗ ಆ ಪಟ್ಟಿಯಲ್ಲಿ ಗಿಟ್‌ಹಬ್‌ನ ಪುಟಗಳೂ ಇದ್ದವು, ಇಂಟರ್ನೆಟ್ ಆರ್ಕೈವ್ ಕೂಡ ಇತ್ತು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಒಕ್ಕೂಟದ ನೋಟಿಸಿಗೆ ‘ಯೂಟ್ಯೂಬ್-ಡಿಎಲ್’ ಕೋಡು ಮರೆಯಾಯ್ತು, ವಿರೋಧ ಬಂದ ಮೇಲೆ ನವೆಂಬರಿನಲ್ಲಿ ವಾಪಸ್ ಬಂತು. ಒಂದು ಕಾಲಕ್ಕೆ ಎಲ್ಲರ ಮನೆಯಾಗಿದ್ದ ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿತು.

ಗಿಟ್‌ನ ಒಳ್ಳೇ ಗುಣ ಅಂದ್ರೆ ಪ್ರತಿ ಪ್ರತಿಯೂ ಪೂರ್ತಿ ಪ್ರತಿಯೇ. ಅದನ್ನು ಬಳಸಿಕೊಳ್ಳಿ. ಲಾಭಕ್ಕಲ್ಲದೆ ನಡೆಯುವ, ಜರ್ಮನಿಯ ಕೋಡ್‌ಬರ್ಗ್‌ನಲ್ಲಿ ಇನ್ನೊಂದು ಪ್ರತಿ ಇಡಿ. ಫ್ರಾನ್ಸ್‌ನ ಇನ್ರಿಯಾ ಸಂಸ್ಥೆ 2016ರಲ್ಲಿ ಶುರು ಮಾಡಿದ, ಯುನೆಸ್ಕೋ ಕೈಜೋಡಿಸಿರುವ ‘ಸಾಫ್ಟ್‌ವೇರ್ ಹೆರಿಟೇಜ್’ ಭಂಡಾರಕ್ಕೆ ನಿಮ್ಮ ರೆಪೊದ ವಿಳಾಸ ಕೊಟ್ಟರೆ ಅದನ್ನು ಉಳಿಸಿಡುತ್ತೆ, ದುಡ್ಡು ಕೇಳೋದಿಲ್ಲ.

ಹಂಚಿದ ಮೇಲೆ

ಕೋಡು ಹಂಚಿದ ತಕ್ಷಣ ಜನ ಕೇಳೋಕೆ ಶುರು ಮಾಡ್ತಾರೆ: ಇದು ಸೇರಿಸಿ, ಅದು ಸರಿ ಮಾಡಿ, ಯಾಕೆ ಇನ್ನೂ ಮಾಡಿಲ್ಲ? ಬಿಟ್ಟಿ ದುಡಿಮೆಯ ಮೇಲೆ ನಿಂತ ವ್ಯವಸ್ಥೆ ಎಲ್ಲಿಗೆ ಹೋಗಬಹುದು ಅಂತ 2024ರ ಮಾರ್ಚಿನಲ್ಲಿ ಜಗತ್ತೇ ನೋಡಿತು. ಲಿನಕ್ಸ್ ಸರ್ವರುಗಳಲ್ಲಿ ಎಲ್ಲೆಡೆ ಇರುವ ‘ಎಕ್ಸ್‌ಜೆಡ್’ ಅನ್ನೋ ಪುಟ್ಟ ಉಪಕರಣವನ್ನು ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸಹಾಯ ಮಾಡ್ತೀನಿ ಅಂತ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಒಂದು ಹೆಸರು ಅದರೊಳಗೆ ಕಳ್ಳಬಾಗಿಲು ಇಟ್ಟಿತು. ಲಾಗಿನ್ ಅರ್ಧ ಸೆಕೆಂಡು ನಿಧಾನವಾದದ್ದನ್ನು ಗಮನಿಸಿದ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್ ಅದನ್ನು ಹಿಡಿದರು.

ನಮ್ಮ ಪುಟ್ಟ ಪ್ರೋಗ್ರಾಮುಗಳಿಗೆ ಅಂಥ ಶತ್ರುಗಳು ಬರಲಿಕ್ಕಿಲ್ಲ, ದಣಿವು ಮಾತ್ರ ಖಂಡಿತ ಬರುತ್ತೆ. ಹಾಗಾಗಿ ರೀಡ್‌ಮಿಯಲ್ಲೇ ಹೇಳಿಬಿಡಿ: ನಾನು ವಾರಕ್ಕೆ ಒಂದು ದಿನ ಮಾತ್ರ ನೋಡ್ತೀನಿ, ಸುರಕ್ಷತೆಯ ದೋಷಕ್ಕೆ ಮೊದಲ ಮಣೆ, ಹೊಸ ಸೌಲಭ್ಯ ಬೇಕಾದ್ರೆ ನೀವೇ ಬರೆದು ಕಳಿಸಿ. ಆವೃತ್ತಿ ಸಂಖ್ಯೆಗೆ ಮೂರು ಅಂಕಿ ಇಡಿ. ಸಣ್ಣ ರಿಪೇರಿಗೆ ಕೊನೆಯದು, ಹೊಸ ಸೌಲಭ್ಯಕ್ಕೆ ನಡುವಿನದು, ಹಳೆಯದು ಮುರಿಯುವ ಬದಲಾವಣೆಗೆ ಮೊದಲನೆಯದು ಏರಲಿ. ಕೀಲಿ ಇಬ್ಬರ ಹತ್ತಿರವಾದ್ರೂ ಇರಲಿ. ನಿಲ್ಲಿಸೋದಾದ್ರೆ ‘ನಿಲ್ಲಿಸಿದ್ದೇನೆ, ಬೇಕಾದವರು ಮುಂದುವರಿಸಿ’ ಅಂತ ಒಂದು ಸಾಲು ಬರೆದು ನಿಲ್ಲಿಸಿ.

ಯಾರಿಗೆ ಯಾವ ದಾರಿ

ತಗೊಳ್ಳೋರು ಕೋಡ್ ಬರೆಯೋರಾದ್ರೆ ಗಿಟ್ ರೆಪೊ, ಲಾಕ್ ಫೈಲು, ರೀಡ್‌ಮಿ ಸಾಕು. ಕೋಡಿನ ಒಂದು ತುಣುಕು ಮಾತ್ರ ಬೇಕಾದ್ರೆ ಪ್ಯಾಕೇಜ್ ಭಂಡಾರ. ಶೇರ್ಡ್ ಹೋಸ್ಟಿಂಗ್ ಇರುವ ಸಂಘಕ್ಕೆ ಪಿಎಚ್‌ಪಿಯ ಜಿಪ್. ಸ್ವಂತ ಸರ್ವರ್ ಇದ್ದು ಕೋಡ್ ಗೊತ್ತಿಲ್ಲದವರಿಗೆ ಡಾಕರ್ ಕಂಪೋಸ್. ಅದೂ ಕಷ್ಟ ಅನ್ನೋರಿಗೆ ಡೆಬಿಯನ್ ಮೇಲೆ ನಿಂತ ಯುನೋಹೋಸ್ಟ್‌ನಂಥ ವ್ಯವಸ್ಥೆ, ಅದರಲ್ಲಿ ಗುಂಡಿ ಒತ್ತಿದರೆ ಪ್ರೋಗ್ರಾಂ ಸೇರಿಕೊಳ್ಳುತ್ತೆ. ಆದರೆ ಅದಕ್ಕೆ ಹೊಂದುವ ಪ್ಯಾಕೇಜ್ ಸ್ಕ್ರಿಪ್ಟನ್ನು ನೀವು ಬರೆಯಬೇಕು. ಏನೂ ಬೇಡ, ಬಳಸಿದರೆ ಸಾಕು ಅನ್ನೋರಿಗೆ ನೀವೇ ನಡೆಸಿಕೊಡಿ, ಕೋಡು ಮಾತ್ರ ತೆರೆದಿರಲಿ.

ಇಷ್ಟರಲ್ಲಿ ಒಂದೇ ಆರಿಸಬೇಕು ಅಂದ್ರೆ ನಾನು ಹೇಳೋದು: ಎಜಿಪಿಎಲ್ ಹಾಕಿದ ಗಿಟ್ ರೆಪೊ, ಅದರೊಳಗೆ ಒಂದು ಕಂಪೋಸ್ ಫೈಲು, ಕನ್ನಡದ ರೀಡ್‌ಮಿ, ಕಟ್ಟುಕಥೆಯ ಡೇಟಾ. ಎರಡು ಭಾನುವಾರದ ಕೆಲಸ. ಮಿಕ್ಕ ದಾರಿಗಳನ್ನು ಯಾರಾದ್ರೂ ಬಂದು ಕೇಳಿದಾಗ ಸೇರಿಸಿದರಾಯ್ತು. ಕೇಳೋರು ಬಂದರು ಅಂದ್ರೆ ನಿಮ್ಮ ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪಿನಿಂದ ಆಚೆ ಕಾಲಿಟ್ಟಿದೆ ಅಂತಲೇ ಲೆಕ್ಕ.